ಗಜ ಹಾಕದೆ ಹೊಡೆದ ನಾಲ್ಕು ಈಡು

ಅಣ್ಣ ಹೇಳಿಕಳಿಸಿದ ಮಾತನ್ನು ನಾನು ಧಾರಾವಾಹಿಯ ನಿರ್ದೇಶಕರಿಗೆ ಹೇಳಲಿಲ್ಲ. ಹೇಳಿದೆ ಎಂದು ಅಣ್ಣನಿಗೆ ಸುಳ್ಳು ಹೇಳಿದೆ. ಹೆದರಿ ಸುಮ್ಮನಿದ್ದೆ ಎಂದರೆ ಯಾರಾದರೂ ಒಪ್ಪಿಯಾರು. ಸುಳ್ಳಿಗೆ ಮಾತ್ರ ಎಷ್ಟು ಹುಡುಕಿದರೂ ನೆಪ ಸಿಗುತ್ತಿಲ್ಲ.

ನಾನು ಮೂಡಿಗೆರೆಯಲ್ಲಿ ಬಟ್ಟೆ ಹೊಲಿಯುವವಳು. ಓದಿದ್ದು ಏಳನೇ ಕ್ಲಾಸು. ಅಣ್ಣ ಕಳಸದ ಹತ್ತಿರ ಮರಗೆಲಸ ಮಾಡುತ್ತಾನೆ. ಸುತ್ತಲಿನ ಲೈಸೆನ್ಸುದಾರರು ಕೋವಿಯ ಮರದ ಹಿಡಿ ಒಡೆದರೆ ಅವನ ಹತ್ತಿರವೇ ತರುತ್ತಾರೆ. ಅವನಿಗೂ ಅಜ್ಜನ ಕಾಲದ್ದೊಂದು ಕೇಪಿನ ಕೋವಿ ಇದೆ. ನಳಿಗೆಯ ಬಾಯಿಂದ ಮದ್ದು ಸುರಿಯಬೇಕು, ತೆಂಗಿನ ಕತ್ತ ತುರುಕಿ ಗಜವೆಂಬ ಉದ್ದ ಕೋಲಿನಿಂದ ಜಡಿಯಬೇಕು, ಸೀಸದ ಚರೆ ಹಾಕಿ ಮತ್ತೆ ಜಡಿಯಬೇಕು, ಕೊನೆಗೆ ಬಡಿದರೆ ಕಿಡಿ ಹಾರಿಸುವ ಕೇಪು ಇಡಬೇಕು. ಇಷ್ಟೆಲ್ಲ ಒಂದೇ ಒಂದು ಈಡು ಹೊಡೆಯಲು. ಅಷ್ಟರಲ್ಲಿ ಹಂದಿ ಮೂರು ಗುಡ್ಡ ದಾಟಿರುತ್ತದೆ ಎಂದು ಅಣ್ಣನೇ ನಗುತ್ತಿದ್ದ.

ಟೀವಿ ಧಾರಾವಾಹಿಯವರು ನಮ್ಮ ಕಡೆ ಬಂದರು. ಕಂಪನಿ ಸರ್ಕಾರದ ಸಿಪಾಯಿಗಳ ಮೇಲೆ ಮಲೆನಾಡಿನವರು ತಿರುಗಿಬಿದ್ದ ಕಥೆ. ಸಿಪಾಯಿಗಳ ಕೆಂಪು ಕೋಟು ಬಿಗಿ ಸಡಿಲ ಮಾಡಲು ನನ್ನನ್ನು ಕರೆದರು. ಮರದ ಕೋವಿ ಮಾಡುವವರು ಯಾರಾದರೂ ಇದ್ದಾರಾ ಎಂದು ಅವರು ಕೇಳಿದಾಗ ಅಣ್ಣನ ಹೆಸರು ಹೇಳಿದವಳೂ ನಾನೇ.

ಅವರು ಮೊಬೈಲಿನಲ್ಲಿ ಕಳಿಸಿದ ಚಿತ್ರ ನೋಡಿ ಅಣ್ಣ ತಲೆ ಅಲ್ಲಾಡಿಸಿದ. "ಇದು ಕೇಪಿನ ಕೋವಿ ಮಾರಾಯ್ತಿ. ಇವ್ರು ಹೇಳೋ ಕಾಲದಲ್ಲಿ ಕೇಪು ಎಲ್ಲಿತ್ತು? ಆವಾಗ ಚಕಮಕಿ ಕಲ್ಲಿಂದು."

ಒಂದು ಎಸ್ಟೇಟಿನ ಬಂಗಲೆಯ ಗೋಡೆಯಲ್ಲಿ ಅಂಥದೊಂದು ಹಳೇ ಕೋವಿ ತೂಗುಹಾಕಿದೆ. ಅದರ ಹಿಡಿ ರಿಪೇರಿ ಮಾಡಿದ್ದವನು ಅವನೇ. ಸಾಹುಕಾರರನ್ನು ಕೇಳಿ ಮತ್ತೆ ಹೋಗಿ ದಾರ ಹಿಡಿದು ಅಳತೆ ತಂದ. ಸಿಲ್ವರ್ ಓಕ್ ಮರದಲ್ಲಿ ಆರು ಕೋವಿ ಕೆತ್ತಿದ. ಪ್ರತಿಯೊಂದಕ್ಕೂ ಕುದುರೆ ಎನ್ನುವ ಬಡಿಯುವ ಕೊಕ್ಕೆಯ ಬಾಯಲ್ಲಿ ಚಕಮಕಿ ಕಲ್ಲು, ಕಿಡಿ ಬೀಳಲು ಪಕ್ಕದಲ್ಲೊಂದು ಪುಟ್ಟ ಬಟ್ಟಲು, ನಳಿಗೆಯ ಕೆಳಗೆ ಎಳೆದರೆ ಈಚೆ ಬರುವ ಗಜ. ಹದಿನೈದು ದಿನ ಬೇರೆ ಕೆಲಸ ಮುಟ್ಟಲಿಲ್ಲ.

ಜೀಪಿಗೆ ಕೋವಿ ತುಂಬುವಾಗ ನನ್ನನ್ನು ಪಕ್ಕಕ್ಕೆ ಕರೆದ. "ಹೀರೋ ಒಂದು ಈಡು ಹೊಡೆದ ಮೇಲೆ ಮತ್ತೆ ಮದ್ದು ಹಾಕಿ ಗಜ ಜಡೀಬೇಕು. ಒಂದು ಸಲ ತೋರಿಸಿದ್ರೂ ಸಾಕು. ನೀನೇ ಡೈರೆಕ್ಟರ್ ಹತ್ರ ಹೇಳು. ಮರೀಬೇಡ."

"ಆಯ್ತಣ್ಣ" ಎಂದೆ.

ಚಿತ್ರೀಕರಣ ಕುದುರೆಮುಖದ ಕಡೆಯ ಹುಲ್ಲುಗುಡ್ಡದಲ್ಲಿ. ಹಿಂದಿನ ದಿನ ಒಂದು ಕೋಟಿನ ಗುಂಡಿ ಕಿತ್ತುಬಂದು ನಿರ್ದೇಶಕರು ಎಲ್ಲರೆದುರು ನನಗೆ ಬೈದಿದ್ದರು. ಅಂದು ಮಂಜು ಏರುತ್ತಿತ್ತು, ಎಲ್ಲರಿಗೂ ಅವಸರ. ಗಜಗಳು ಗಡಗಡ ಸದ್ದು ಮಾಡುತ್ತವೆ, ತೆಗೆದಿಡಿ ಎಂದು ಧ್ವನಿ ಹಿಡಿಯುವವರು ಕೂಗಿದರು. ಹತ್ತಿರ ಇದ್ದವಳು ನಾನು. ಆರೂ ಗಜ ಎಳೆದು ಬಟ್ಟೆಯ ಗಂಟಿನೊಳಗೆ ಸೇರಿಸಿದೆ.

ನಿರ್ದೇಶಕರು ನನ್ನ ಕಡೆಗೇ ತಿರುಗಿದರು. "ಕೋವಿ ಮಾಡಿದ್ದು ನಿಮ್ಮಣ್ಣ ಅಲ್ವಾ? ಹಿಡಿಯೋದು, ಹೊಡಿಯೋದು ಎಲ್ಲ ಸರಿ ಇದೆಯಾ? ಏನಾದ್ರೂ ಹೇಳಿದ್ರಾ?"

"ಸರಿ ಇದೆ ಸರ್" ಎಂದೆ. ನಾನು ಬಾಯಿ ತೆರೆದು, ಅದರಿಂದ ತಡವಾಗಿ, ಮಂಜು ಮುಚ್ಚಿ, ಆ ದಿನದ ಕೆಲಸ ಕೆಟ್ಟರೆ ಮತ್ತೆ ಬೈಗುಳ ನನಗೇ ಎಂದುಕೊಂಡೆ. ಹೀರೋ ಓಡುತ್ತಾ ಓಡುತ್ತಾ ಒಂದೇ ಕೋವಿಯಿಂದ ನಾಲ್ಕು ಸಿಪಾಯಿಗಳನ್ನು ಬೀಳಿಸಿದ. ಎಲ್ಲರೂ ಚಪ್ಪಾಳೆ ಹೊಡೆದರು. ನಾನೂ ಹೊಡೆದೆ.

ಸಂಜೆ ಅಣ್ಣನ ಫೋನು. "ಹೇಳಿದ್ಯನೇ?"

"ಹೇಳ್ದೆ. ಟೈಮಿಲ್ಲ ಅಂದ್ರು."

"ಹೌದಾ" ಎಂದ. ಆಮೇಲೆ, "ಊಟ ಆಯ್ತಾ?" ಎಂದು ಕೇಳಿದ.

ಧಾರಾವಾಹಿಯ ಆ ಭಾಗ ಬಂದ ದಿನ ಅಣ್ಣನ ಮನೆಯಲ್ಲಿ ಕೋವಿ ಇಟ್ಟುಕೊಂಡವರೆಲ್ಲ ಸೇರಿದ್ದರು. ಕಲ್ಲು, ಬಟ್ಟಲು ಚೆನ್ನಾಗಿ ಕಂಡವಂತೆ. ಆಮೇಲೆ ನಾಲ್ಕು ಈಡು. ಅತ್ತಿಗೆ ಫೋನಿನಲ್ಲಿ ಹೇಳಿದ್ದು ಇಷ್ಟೇ: "ಎಲ್ಲ ನಕ್ಕು ಎದ್ದುಹೋದ್ರು. ಇವ್ರು ಕೂತಲ್ಲೇ ಕೂತಿದ್ರು." ಅಲ್ಲಿಂದೀಚೆಗೆ ಅವನು ಕೋವಿ ಕೆಲಸವನ್ನೇ ಒಪ್ಪಿಕೊಳ್ಳುತ್ತಿರಲಿಲ್ಲ. "ಕೆಲಸ ಗೊತ್ತಿಲ್ದೋನ ಕೈಗೆ ಎಂತಕ್ಕೆ ಕೊಡ್ತೀರಿ" ಎಂದು ವಾಪಸು ಕಳಿಸುತ್ತಿದ್ದ.

ನನಗೆ ಮಿಷಿನ್ ಮುಂದೆ ಕೂರಲಾಗುತ್ತಿರಲಿಲ್ಲ. ಕೂತರೆ ನೂಲು ತುಂಡಾಗುತ್ತಿತ್ತು, ಎದ್ದರೆ ಬಾಗಿಲಿಗೂ ಒಲೆಗೂ ಓಡಾಟ. ಒಬ್ಬರ ರವಿಕೆಗೆ ಇನ್ನೊಬ್ಬರ ತೋಳು ಹೊಲಿದೆ. ಹೇಳಿಬಿಡೋಣ ಎಂದು ಎರಡು ಸಲ ಕಳಸದ ಬಸ್ಸು ಹತ್ತಿದೆ. ಎರಡು ಸಲವೂ ಅತ್ತಿಗೆಯ ಕೈಯ ಕಾಫಿ ಕುಡಿದು, ಮಳೆ, ಮೆಣಸು ಎಂದು ಏನೇನೋ ಮಾತಾಡಿ ವಾಪಸು ಬಂದೆ.

ಮೂರನೇ ಸಲ ಹೋದಾಗ ಅಣ್ಣ ಗೋಣಿಯಲ್ಲಿ ಕೋವಿ ಸುತ್ತುತ್ತಿದ್ದ. ಚುನಾವಣೆ ಬಂದರೆ ಲೈಸೆನ್ಸಿನ ಕೋವಿಗಳನ್ನೆಲ್ಲ ಠಾಣೆಯಲ್ಲಿ ಇಡಬೇಕು. ನಾನೂ ಜೊತೆಗೆ ಹೊರಟೆ.

ಠಾಣೆಯ ಮುಂದೆ ಸಾಲು. ಕೈಯಲ್ಲೆಲ್ಲ ಕೋವಿ, ಬಾಯಲ್ಲೆಲ್ಲ ಹರಟೆ. ಪಕ್ಕದೂರಿನ ತೋಟದವರೊಬ್ಬರು ಅಣ್ಣನನ್ನು ನೋಡಿದ್ದೇ ಶುರು ಮಾಡಿದರು. "ಹೋಯ್, ಗಜ ಇಲ್ದೆ ನಾಲ್ಕು ಈಡು ಹೊಡೆಯೋ ಕೋವಿ ಮಾಡ್ತೀಯಂತಲ್ಲ! ನಂಗೂ ಒಂದು ಮಾಡ್ಕೊಡು ಮಾರಾಯ, ಮಂಗನ ಕಾಟ ವಿಪರೀತ."

ಸಾಲಿಡೀ ನಕ್ಕಿತು. ಇನ್ನೊಬ್ಬರು, "ಅದ್ರಲ್ಲಿ ಹೊಡೆಯೋದೇ ಬೇಡ, ನೋಡಿದ್ರೇ ಸಾಯ್ತಾರೆ" ಎಂದರು.

ಅಣ್ಣ ಕೋಪಿಸಿಕೊಳ್ಳಲಿಲ್ಲ. ನನ್ನ ಹೆಗಲ ಮೇಲೆ ಕೈ ಇಟ್ಟ. "ನೀವು ನಗಾಡಿ. ಆದ್ರೆ ನನ್ ತಂಗಿ ಹೇಳಿದ್ಲು, ಅವ್ರು ಕೇಳ್ಲಿಲ್ಲ. ಅಷ್ಟು ದೊಡ್ಡೋರ ಎದುರು ನಿಂತು ಹೇಳಿದ್ಲಲ್ಲ, ನಂಗೆ ಅಷ್ಟೇ ಸಾಕು."

ಅವನ ಕೈ ಹೆಗಲ ಮೇಲೇ ಇತ್ತು. ಅವನು ಅದನ್ನು ಕೆಳಗಿಳಿಸಿದರೆ ಸಾಕು ಎನಿಸಿತು. ಇಳಿಸಲಿಲ್ಲ.

"ನಾನು ಹೇಳ್ಲಿಲ್ಲ ಅಣ್ಣ" ಎಂದೆ.

ಅವನಿಗೆ ಕೇಳಿಸಲಿಲ್ಲ. "ಎಂತದು?" ಎಂದು ಬಗ್ಗಿದ.

ಈ ಸಲ ಜೋರಾಗಿ ಹೇಳಿದೆ. ಸಾಲಿನಲ್ಲಿದ್ದವರೆಲ್ಲ ತಿರುಗಿದರು.

"ಅವ್ರು ಟೈಮಿಲ್ಲ ಅನ್ಲಿಲ್ಲ. ನಿಮ್ಮಣ್ಣ ಏನಾದ್ರೂ ಹೇಳಿದ್ರಾ ಅಂತ ಅವ್ರೇ ಕೇಳಿದ್ರು. ನಾನೇ ಬಾಯಿ ಬಿಡ್ಲಿಲ್ಲ. ಆಮೇಲೆ ನಿಂಗೂ ಸುಳ್ಳು ಹೇಳ್ದೆ. ಇವ್ರೆಲ್ಲ ನಿನ್ನ ನೋಡಿ ನಗಾಡೋದು ನನ್ನಿಂದ. ನಿನ್ ಕೆಲಸದಲ್ಲಿ ಎಂತ ತಪ್ಪೂ ಇರ್ಲಿಲ್ಲ. ತಪ್ಪು ನಂದು. ಕ್ಷಮಿಸಣ್ಣ."