ಚಿಟ್ಟೆ ಹರಳು

ನನ್ನ ಸೋದರಮಾವ ಬಾಲಾನಗರದ ಕಾರ್ಖಾನೆಯೊಂದರಲ್ಲಿ ಇಂಜಿನಿಯರ್. ರಜೆ ಸಿಕ್ಕರೆ ವಿಕಾರಾಬಾದ್ ಕಡೆ ಬಾವಿ ತೋಡುವಲ್ಲಿಗೆ ಹೋಗಿ, ಮೇಲೆ ಎಸೆದ ಕರಿಕಲ್ಲುಗಳ ಪೊಟರೆಗಳಲ್ಲಿ ಹರಳು ಹುಡುಕುತ್ತಿದ್ದರು. ಭೂವಿಜ್ಞಾನದ ಎಂ.ಎಸ್ಸಿ. ಓದುತ್ತಿದ್ದಾಗ ನಾನು ಕೂಕಟ್‌ಪಲ್ಲಿಯಲ್ಲಿ ಅವರ ಮನೆಯಲ್ಲೇ ಇದ್ದೆ. ನಾವಿಬ್ಬರೂ ಮಾತು ಕಡಿಮೆ.

"ನೀವಿಬ್ಬರೂ ಅದನ್ನ ನೋಡಕೋತ ಕುಂತ್ರ ಮನ್ಯಾಗ ಮೂರು ಕಲ್ಲು ಆಗ್ತಾವ ನೋಡ್ರಿ," ಎಂದು ಮಾಮಿ ಅನ್ನುತ್ತಿದ್ದರು.

ಹಾಗೆ ನೋಡುತ್ತಿದ್ದದ್ದು ಒಂದು ಕ್ಯಾಲ್ಸೈಟ್ ಹರಳು. ಕ್ಯಾಲ್ಸೈಟ್ ಅಪರೂಪವೇನಲ್ಲ. ಆದರೆ ಇದರಲ್ಲಿ ಕರಿಕಲ್ಲಿನ ಚೂರೊಂದರ ಮೇಲೆ ಎರಡು ಹರಳುಗಳು ಒಂದೇ ಬೆನ್ನಿಗೆ ಹುಟ್ಟಿ, ಚಿಟ್ಟೆಯ ರೆಕ್ಕೆಗಳಂತೆ ಬಿಚ್ಚಿಕೊಂಡಿದ್ದವು. ಅಂಚು ಎಲ್ಲೂ ಮುಕ್ಕಾಗಿರಲಿಲ್ಲ. ನಮ್ಮ ವಿಭಾಗದ ಗಾಜಿನ ಕಪಾಟಿನಲ್ಲಿ ಅದು ಇರಬೇಕೆಂಬುದು ಮಾಮಾನ ಬಹಳ ದಿನದ ಆಸೆ. ನಮ್ಮ ಪ್ರೊಫೆಸರ್ ಬಂದು ನೋಡಿ, ದಸರೆ ಕಳೆದ ಮೇಲೆ ತನ್ನಿ ಅಂದಿದ್ದರು.

ಆಯುಧಗಳನ್ನು ಪೂಜಿಸುವ ಖಂಡೇಪೂಜೆಯ ಬೆಳಿಗ್ಗೆ ಮಾಮಾ ತಮ್ಮ ಲೆನ್ಸು, ಸುತ್ತಿಗೆಗಳನ್ನು ದೇವರ ಮುಂದಿಟ್ಟು ಸ್ನಾನಕ್ಕೆ ಹೋದರು. ಬಂದು ನೋಡಿದರೆ ಪಕ್ಕದಲ್ಲಿ ಆ ಹರಳೂ ಇತ್ತು, ಇನ್ನೂ ಒದ್ದೆಯಾಗಿ. ರೆಕ್ಕೆಗಳ ಹೊಳಪು ಹೋಗಿ, ಉಸಿರು ತಾಗಿದ ಕನ್ನಡಿಯಂತೆ ಮಂಕಾಗಿತ್ತು.

"ಇದನ್ನ ಯಾತರಲೆ ತೊಳದಿ?" ಎಂದು ಮಾಮಾ ಮಾಮಿಯನ್ನು ಕೇಳಿದರು.

"ಹುಣಸಿಹಣ್ಣಲೆರಿ. ದೀಪ, ತಂಬಿಗಿ ಎಲ್ಲಾ ಅದರಲೇ ಬೆಳಗೀನಿ. ಸುತ್ತಿಗಿ ಪೂಜಿಗೆ ಇಟ್ಟು, ಅದು ತಂದದ್ದನ್ನ ಬಿಡೂದ ಹೆಂಗ್ರಿ?"

ಹುಳಿ ತಾಗಿದರೆ ಕ್ಯಾಲ್ಸೈಟಿನ ಮೈ ಕರಗುತ್ತದೆ. ಮಾಮಾ ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಮೆಲ್ಲಗೆ ಕೆಳಗಿಟ್ಟು ಹೇಳಿದರು: "ಹೂವು ಏರಸು. ಪೂಜಿ ನಿಲ್ಲೂದು ಬ್ಯಾಡ."

ಗಾಜಿನ ಹಿಂದೆ ಯಾರಿಗೂ ತಿಳಿಯುವುದಿಲ್ಲ, ಹಾಗೇ ಕೊಟ್ಟುಬಿಡೋಣ ಎಂದು ನಾನು ಮೆಲ್ಲಗೆ ಹೇಳಿದೆ.

"ನೋಡಿದವರು ಇದು ಹುಟ್ಟಾನ ಮಂಕು ಅಂತ ತಿಳಕೋತಾರ. ಕಲ್ಲಿನ ಬಗ್ಗೆ ಸುಳ್ಳು ಹೇಳಿದಂಗ ಆಕ್ಕೈತಿ," ಅಂದರು ಮಾಮಾ.

ಹಬ್ಬ ಕಳೆದ ಮೇಲೆ ಅರ್ಧ ದಿನ ರಜೆ ಹಾಕಿ, ಹರಳನ್ನು ಹತ್ತಿಯಲ್ಲಿ ಸುತ್ತಿಕೊಂಡು ನನ್ನ ಜೊತೆ ಬಸ್ಸಿನಲ್ಲಿ ವಿಭಾಗಕ್ಕೆ ಬಂದರು. ಹತ್ತಿ ಬಿಚ್ಚುವ ಮೊದಲೇ ಪ್ರೊಫೆಸರಿಗೆ ತೆಲುಗಿನಲ್ಲಿ ನಡೆದದ್ದನ್ನೆಲ್ಲ ಹೇಳಿದರು. ಮಾಮಿ ತೊಳೆದದ್ದು ಎನ್ನಲಿಲ್ಲ, ಮನೆಯಲ್ಲಿ ತೊಳೆದೆವು ಎಂದರು.

ಪ್ರೊಫೆಸರ್ ಲೆನ್ಸ್ ಹಿಡಿದು ನೋಡಿದರು. ಕಪಾಟಿಗೆ ಇಡಲಾಗುವುದಿಲ್ಲ ಎಂದರು. ಆದರೆ ಹುಳಿ ಹರಳಿನ ಮೈಯನ್ನು ಏನು ಮಾಡುತ್ತದೆಂದು ತೋರಿಸಲು ಇದಕ್ಕಿಂತ ಒಳ್ಳೆಯದು ತಮ್ಮಲ್ಲಿಲ್ಲ, ಕೊಡುವುದಾದರೆ ಪ್ರಯೋಗಾಲಯದ ಮೇಜಿನ ಮೇಲಿಡುತ್ತೇವೆ ಎಂದರು.

ಮಾಮಾ ಒಮ್ಮೆ ಗಾಜಿನ ಕಪಾಟಿನ ಕಡೆ ನೋಡಿದರು. ಆಮೇಲೆ ಹರಳನ್ನು ಮೇಜಿನ ಮೇಲಿಟ್ಟರು. ನನ್ನ ಸಹಪಾಠಿಯೊಬ್ಬಳು ಅದನ್ನು ಎತ್ತಲು ಕೈ ಚಾಚಿದಾಗ, "ರೆಕ್ಕೆ ಹಿಡೀಬೇಡಮ್ಮ," ಎಂದು ತೆಲುಗಿನಲ್ಲಿ ಹೇಳಿ, ಬುಡದ ಕರಿಕಲ್ಲಿನ ಅಡಿಗೆ ಅಂಗೈ ಕೊಡುವುದನ್ನು ತೋರಿಸಿದರು.