ಬಾಯಿಲ್ಲದ ಡಬ್ಬಿ ಮತ್ತು ನನ್ನ ಮೈದುನ

ನನ್ನ ಮೈದುನ ಕ್ರಿತೇಶ್ ಗೌಂಡರನ ಪ್ರಕಾರ ಮನುಷ್ಯರಲ್ಲಿ ಎರಡೇ ಜಾತಿ. ಟೀವಿಗೆ ಜೋಡಿಸಿ ವಿಡಿಯೋ ಗೇಮ್ ಆಡುವ ಡಬ್ಬಿಯನ್ನು ಜಪಾನಿನ ಕಂಪನಿಯಿಂದ ಕೊಂಡವರು ಒಂದು ಜಾತಿ, ಅಮೆರಿಕದ ಕಂಪನಿಯಿಂದ ಕೊಂಡವರು ಇನ್ನೊಂದು. ಮೊದಲನೆಯವರಿಗೆ ಬುದ್ಧಿ ಇದೆ, ಎರಡನೆಯವರಿಗೆ ಇಲ್ಲ. ಯಾವ ಡಬ್ಬಿಯೂ ಇಲ್ಲದ ನನ್ನಂಥವಳನ್ನು ಅವನು ಲೆಕ್ಕಕ್ಕೇ ಹಿಡಿಯುವುದಿಲ್ಲ, ಊಟದ ಹೊತ್ತು ಒಂದನ್ನು ಬಿಟ್ಟು.

ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಅವನಿನ್ನೂ ಶಾಲೆ ಮುಗಿಸಿರಲಿಲ್ಲ. ಈಗ ಫಿಜಿಯ ಲೌಟೋಕ ಪಟ್ಟಣದ ನವಿತಿ ಬೀದಿಯ ಹಾರ್ಡ್‌ವೇರ್ ಅಂಗಡಿಯಲ್ಲಿ ಮೊಳೆ, ಪೈಪು, ಬಣ್ಣ ಮಾರುತ್ತಾನೆ. ಗೋಡೆಗೆ ಬಣ್ಣ ಕೊಳ್ಳಲು ಬಂದವರೂ ಅವನಿಂದ ಗೇಮಿನ ಉಪದೇಶ ಕೇಳಿಯೇ ಹೊರಡಬೇಕು. ಅಮೆರಿಕದ ಡಬ್ಬಿ ನೋಡಲು ಇಟ್ಟಿಗೆ, ಹಿಡಿಯಲು ಇಟ್ಟಿಗೆ, ಅದರ ಗೇಮುಗಳಲ್ಲಿ ಬಂದೂಕು ಬಿಟ್ಟರೆ ಬೇರೆ ಸಾಮಾನಿಲ್ಲ. ಕೈಯಲ್ಲಿ ಹಿಡಿದು ಆಡುವ ಸಣ್ಣ ಡಬ್ಬಿಯೊಂದು ಬರುತ್ತದಲ್ಲ, ಅದು ಹಾಲುಹಲ್ಲಿನ ಮಕ್ಕಳಿಗೆ. ಇವೆಲ್ಲ ಅವನ ಮಾತು. ಒಮ್ಮೆ ಅವನ ಜಪಾನಿ ಡಬ್ಬಿಯೊಳಗೆ ಹಲ್ಲಿ ಮೊಟ್ಟೆ ಇಟ್ಟಿತ್ತು. ಬಿಚ್ಚಿ ತೋರಿಸಿದೆ. ನಾಚಿಕೆಪಡುವುದು ಬಿಟ್ಟು, "ನೋಡಿದ್ರಾ ಅತ್ತಿಗೆ? ಅಮೆರಿಕದ್ದರೊಳಗೆ ಹಲ್ಲಿ ಕೂಡ ಸಂಸಾರ ಮಾಡಲ್ಲ" ಎಂದು ಎದೆ ಉಬ್ಬಿಸಿದ.

ಅವನ ಇನ್ನೊಂದು ವೇದಾಂತ ಹಳೆಯ ಗೇಮಿನದು. ಹೊಸ ಗೇಮ್ ಕೊಂಡವನನ್ನು ಕಂಡರೆ ಅವನಿಗೆ ಮೈಯೆಲ್ಲ ಉರಿ.

"ಹೊಸದು ತಗೊಳ್ಳೋನು ಶುದ್ಧ ದಡ್ಡ. ಸಿಡ್ನಿಲಿ ಯಾವನೋ ತಗೋತಾನೆ, ಬೇಜಾರಾಗಿ ಮಾರ್ತಾನೆ. ಅದು ಇಲ್ಲಿಗೆ ಬರೋ ತನಕ ಕಾಯೋಕಾಗಲ್ವಾ? ಮದುವೆ ಊಟಕ್ಕೆ ಮೊದಲ ಪಂಕ್ತಿಲೇ ಕೂರಬೇಕಾ?"

ಮದುವೆಯ ಮಾತು ಅವನು ಎತ್ತಬಾರದು. ಬಾ ಎಂಬ ಊರಿನಿಂದ ಒಂದು ಒಳ್ಳೆಯ ಸಂಬಂಧ ಬಂದಿತ್ತು. ಹುಡುಗಿ ಬ್ಯಾಂಕಿನಲ್ಲಿದ್ದಳು, ನಗುಮುಖದವಳು. ನಾವು ನೋಡಲು ಹೋದಾಗ ಅವಳ ಅಣ್ಣ ಅಭಿಮಾನದಿಂದ ತನ್ನ ಹೊಸ ಅಮೆರಿಕದ ಡಬ್ಬಿ ತೋರಿಸಿದ. ನನ್ನ ಮೈದುನ ಚಹಾ ಕೆಳಗಿಟ್ಟು, "ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು ಅಂದ್ರೆ ಇದೇ" ಎಂದ. ಆ ಮನೆಯಲ್ಲಿ ಹೊಟ್ಟೆಗೆ ಬೇಕಾದಷ್ಟಿತ್ತು. ನಮಗೆ ಎರಡನೆಯ ಲೋಟ ಚಹಾ ಸಿಗಲಿಲ್ಲ.

ಶನಿವಾರವಾದರೆ ಮಾರುಕಟ್ಟೆಯ ಹಿಂದೆ, ಆಸ್ಟ್ರೇಲಿಯಾದಿಂದ ಬಂದ ಹಳೆಯ ಡಿಸ್ಕುಗಳನ್ನು ಮಾರುವ ಕಡೆ ಅವನ ಠಿಕಾಣಿ. ಒಂದೊಂದು ಡಿಸ್ಕನ್ನೂ ಬಿಸಿಲಿಗೆ ಓರೆ ಹಿಡಿದು ಗೀರು ಹುಡುಕುತ್ತಾನೆ, ಉಸಿರು ಊದಿ ಅಂಗಿಗೆ ಒರೆಸುತ್ತಾನೆ, ಮಾರುವವಳಿಗೆ ಬೈಯುತ್ತಾನೆ, ಕೊನೆಗೆ ಕೊಳ್ಳುತ್ತಾನೆ. ಮನೆಗೆ ತಂದು ನನ್ನ ಟೂತ್‌ಪೇಸ್ಟಿನಿಂದ ಗೀರು ತಿಕ್ಕುತ್ತಾನೆ. ಒಮ್ಮೆ ದೊಡ್ಡ ಚಂಡಮಾರುತ ಬಂದು ನಾವೆಲ್ಲ ಶಾಲೆಯ ಕಟ್ಟಡಕ್ಕೆ ಓಡಿದಾಗ ಅವನು ಅಕ್ಕಿಮೂಟೆ ಖಾಲಿ ಮಾಡಿ ಅದರಲ್ಲಿ ಡಬ್ಬಿ, ಡಿಸ್ಕು ತುಂಬಿಕೊಂಡು ಬಂದ. ಅಕ್ಕಿ ಮನೆಯಲ್ಲೇ ಉಳಿಯಿತು, ನೆನೆದು ಕೊಳೆತುಹೋಯಿತು. ಹೊಸ ಡಬ್ಬಿಗಳ ಸುದ್ದಿಯನ್ನಂತೂ ಅವನು ಓದುವುದೇ ಇಲ್ಲ. "ಓದಿದ್ರೆ ಆಸೆ ಬರುತ್ತೆ. ಕಂಪನಿಯವರು ಬಲೆ ಹಾಕೋದೇ ಅಲ್ಲಿ" ಎನ್ನುತ್ತಾನೆ.

ಇಷ್ಟಾದರೂ ವೈಯಾವಿಯ ನಮ್ಮ ಗಲ್ಲಿಯಲ್ಲಿ ಎಲ್ಲರೂ ಅವನ ಮಾತು ಕೇಳಿಯೇ ಡಬ್ಬಿ ಕೊಳ್ಳುತ್ತಿದ್ದರು. ಜೋರಾಗಿ ಬೈಯುವವನಿಗೆ ವಿಷಯ ಗೊತ್ತಿರುತ್ತದೆ ಎಂದು ಜನ ನಂಬುತ್ತಾರೆ.

ಹಾಗೆ ನಂಬಿದವರಲ್ಲಿ ಸೈಲೋಸಿ ಒಬ್ಬ. ಅವನದು ಬೇಲಿಯಾಚೆಯ ಮನೆ. ಇಬ್ಬರೂ ಒಂದೇ ಶಾಲೆಗೆ ಹೋದವರು, ಒಂದೇ ಮಾವಿನಮರಕ್ಕೆ ಕಲ್ಲು ಹೊಡೆದವರು. ಸಂಜೆ ಯಂಗೋನಾ ಬೇರು ಕದಡಿದ ನೀರು ಕುಡಿಯಲು ಕೂತರೆ ಒಬ್ಬರನ್ನೊಬ್ಬರು ಹೀಯಾಳಿಸದೆ ಬಟ್ಟಲು ಮುಟ್ಟುತ್ತಿರಲಿಲ್ಲ. ಹೆಂಡತಿ ತೀರಿಕೊಂಡ ಮೇಲೆ ಸೈಲೋಸಿ ಇಬ್ಬರು ಹೆಣ್ಣುಮಕ್ಕಳನ್ನು ತನ್ನ ತಂದೆ ಅಪೆನಿಸಾ ತಾತನ ಬಳಿ ಬಿಟ್ಟು, ಪ್ರತಿ ವರ್ಷ ಹಂಗಾಮಿಗೆ ಆಸ್ಟ್ರೇಲಿಯಾಕ್ಕೆ ಕಿತ್ತಳೆ ಕೀಳಲು ಹೋಗುತ್ತಿದ್ದ. ಹೋದ ವರ್ಷ ಹೊರಡುವಾಗ ಮಕ್ಕಳು ಅಳು ನಿಲ್ಲಿಸಲಿಲ್ಲ. ಬರುವಾಗ ಗೇಮಿನ ಡಬ್ಬಿ ತರುತ್ತೇನೆ, ನಾವು ಮೂವರೂ ಕೂತು ರಗ್ಬಿ ಆಡೋಣ ಎಂದು ಮಾತು ಕೊಟ್ಟು ಹೋದ. ಮಕ್ಕಳು ಆ ಮಾತನ್ನೇ ಹಿಡಿದುಕೊಂಡು ವರ್ಷ ಕಳೆದರು. ದೊಡ್ಡವಳು ಮೆರೇನಿ ದಿನವೂ ಬೇಲಿಯ ಬಳಿ ಬಂದು ನನ್ನ ಮೈದುನನನ್ನು ಗೇಮಿನ ಬಗ್ಗೆ ಕೇಳುವಳು.

ವಾಪಸು ಬರುವ ಮುಂಚೆ ಸೈಲೋಸಿ ಅಲ್ಲಿನ ಗೇಮ್ ಅಂಗಡಿಯಿಂದಲೇ ಫೋನ್ ಮಾಡಿದ. ಕ್ರಿತೇಶ್ ಆಟ ನಿಲ್ಲಿಸದೆ, ಫೋನನ್ನು ಸ್ಪೀಕರಿಗೆ ಹಾಕಿ ಪಕ್ಕದಲ್ಲಿಟ್ಟು ಮಾತಾಡಿದ. ನಾನು ಅಲ್ಲೇ ರೋಟಿ ಲಟ್ಟಿಸುತ್ತಿದ್ದೆ.

"ಲೇ ಗೌಂಡರ್, ಯಾವುದು ತಗೊಳ್ಳಲಿ? ಅಮೆರಿಕದ್ದು ಇಲ್ಲಿ ಅಗ್ಗಕ್ಕೆ ಬಿಟ್ಟಿದ್ದಾರೆ. ಜೊತೆಗೆ ರಗ್ಬಿ ಗೇಮೂ ಕೊಡ್ತಾರಂತೆ."

"ಅಗ್ಗಕ್ಕೆ ಬಿಡದೆ ಇನ್ನೇನು? ಕೊಳ್ಳೋರಿಲ್ಲ. ಅದನ್ನ ತಂದ್ರೆ ಬೇಲಿ ದಾಟಿ ನಮ್ಮನೆಗೆ ಬರಬೇಡ. ಜಪಾನಿ ತಗೋ."

"ಅದ್ರಲ್ಲಿ ಎರಡು ಥರ ಇದೆ ಕಣೋ, ಒಂದಕ್ಕೆ ಕಡಿಮೆ ರೇಟು. ಇಲ್ಲೊಬ್ಬಳು ಹುಡುಗಿ ಏನೋ ವ್ಯತ್ಯಾಸ ಹೇಳ್ತಿದ್ದಾಳೆ..."

"ಮಾರೋರ ಮಾತು ಕೇಳಬೇಡ ಮಾರಾಯ. ಜಾಸ್ತಿದು ತಲೆಗೆ ಕಟ್ಟೋಕೆ ನೋಡ್ತಾರೆ. ಒಳಗೆಲ್ಲ ಒಂದೇ. ಕಡಿಮೆದು ತಗೋ. ಗೇಮ್ ಒಂದೂ ಕೊಳ್ಳಬೇಡ. ನನ್ನ ಕಪಾಟು ತುಂಬ ಇದೆಯಲ್ಲ, ನಿನ್ನ ಮಕ್ಕಳು ಮುದುಕಿಯರಾಗೋವರೆಗೂ ಆಡಬಹುದು."

ಸೈಲೋಸಿ ಬಂದ ಮಾರನೆಯ ದಿನ, ಭಾನುವಾರ, ಚರ್ಚಿನಿಂದ ಬಂದವರೇ ನಮ್ಮನ್ನೆಲ್ಲ ಕರೆದರು. ಚಾಪೆ ಹಾಸಿದ್ದರು. ಭೂಮಿಯೊಳಗೆ ಬೇಯಿಸಿದ ಕೋಳಿ, ಗೆಡ್ಡೆ ಎಲ್ಲ ಇತ್ತು. ಯಾರೂ ಮುಟ್ಟಲಿಲ್ಲ, ಮೊದಲು ಡಬ್ಬಿ. ಕ್ರಿತೇಶ್ ಮದುಮಗನ ಹಾಗೆ ತಲೆ ಬಾಚಿಕೊಂಡು, ಕಂಕುಳಲ್ಲಿ ಡಿಸ್ಕುಗಳ ಕಟ್ಟು ಹಿಡಿದು ಬಂದ. ಬರುತ್ತಲೇ ಆ ಕಟ್ಟಿನಲ್ಲಿದ್ದ ರಗ್ಬಿ ಗೇಮನ್ನು ಹೀಯಾಳಿಸಿದ, ಅದರಲ್ಲಿ ಫಿಜಿ ತಂಡದ ಅಷ್ಟೂ ಜನಕ್ಕೆ ಒಂದೇ ಮುಖ ಎಂದ. ಡಬ್ಬಿಯನ್ನು ಟೀವಿಗೆ ಜೋಡಿಸಿದ. ಡಿಸ್ಕು ತೆಗೆದು, ಉಸಿರು ಊದಿ, ಅಂಗಿಗೆ ಒರೆಸಿ, ಹಾಕಲು ಹೋದ.

ಹಾಕುವ ಜಾಗ ಇರಲಿಲ್ಲ.

ಡಬ್ಬಿಯನ್ನು ಎತ್ತಿದ, ತಿರುಗಿಸಿದ, ಮಗುಚಿದ. ಹಿಂದೆ ಬೆರಳಾಡಿಸಿದ. ಮತ್ತೆ ಮುಂದೆ ನೋಡಿದ. ಅದು ಡಿಸ್ಕು ಹಾಕುವ ಬಾಯೇ ಇಲ್ಲದ ಮಾದರಿ. ಗೇಮನ್ನು ದುಡ್ಡು ಕೊಟ್ಟು ಇಂಟರ್ನೆಟ್ಟಿನಿಂದಲೇ ಇಳಿಸಿಕೊಳ್ಳಬೇಕು. ನಮ್ಮ ಗಲ್ಲಿಯ ಇಂಟರ್ನೆಟ್ಟಿನಲ್ಲಿ ಒಂದು ಗೇಮ್ ಇಳಿಯುವಷ್ಟರಲ್ಲಿ ನೆಟ್ಟ ಕಬ್ಬು ಕಟಾವಿಗೆ ಬರುತ್ತದೆ. ಅಂಗಡಿಯ ಆ ಹುಡುಗಿ ಇದನ್ನೇ ಹೇಳಲು ಬಾಯಿ ತೆರೆದಿದ್ದಳು.

ಅಪೆನಿಸಾ ತಾತ ಚಾಪೆಯಿಂದ ಕೇಳಿದರು, "ಬಾಯಿಲ್ಲದ್ದಕ್ಕೆ ಊಟ ಎಲ್ಲಿಂದ ಮಾಡಿಸ್ತೀಯಪ್ಪಾ?"

ಚಿಕ್ಕವಳು ನಕ್ಕಳು. ಮೆರೇನಿ ನಗಲಿಲ್ಲ. "ಇವತ್ತು ಆಡೋಕಾಗಲ್ವಾ, ಮಾಮ?" ಎಂದಳು.

ಒಂದೇ ಒಂದು ಮಾತು ಹೇಳಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ನನಗೆ ಗೊತ್ತಿರಲಿಲ್ಲ ಎಂಬ ಮಾತು. ಆದರೆ ಆ ಮಾತು ಇವನ ಬಾಯಿಂದ ಬಂದದ್ದನ್ನು ಈ ಮನೆಯಲ್ಲಿ ಯಾರೂ ಕೇಳಿಲ್ಲ. ಅವನು ಸೈಲೋಸಿಯ ಕಡೆ ತಿರುಗಿ, "ಕಣ್ಣು ಬಿಟ್ಟು ನೋಡಿ ತಗೋಬೇಕಿತ್ತು. ಕಿತ್ತಳೆ ಕೀಳೋನಿಗೆ ಇದೆಲ್ಲ ಎಲ್ಲಿ ತಿಳಿಯುತ್ತೆ" ಎಂದ.

ಸೈಲೋಸಿ ಜಗಳಕ್ಕೆ ನಿಲ್ಲಲಿಲ್ಲ. ಎದ್ದು ಬಾಗಿಲ ಬಳಿ ನಿಂತ. "ಮನೆಗೆ ಹೋಗು, ಕ್ರಿತೇಶ್" ಎಂದ. ಅವನು ಗೌಂಡರ್ ಎನ್ನದೆ ಹೆಸರು ಹಿಡಿದದ್ದು ನನಗೆ ಕೆನ್ನೆಗೆ ಹೊಡೆದ ಹಾಗಾಯಿತು. ನಾವು ಊಟ ಮಾಡದೆ ಬಂದೆವು.

ಬೇಲಿಯ ನಡುವೆ ಒಂದು ಕಿಂಡಿ ಇತ್ತು. ಅದರಿಂದಲೇ ನಮ್ಮ ಕರಿಬೇವು ಆಚೆಗೆ, ಅವರ ಕೆಸುವಿನೆಲೆ ಈಚೆಗೆ ಓಡಾಡುತ್ತಿತ್ತು. ಮಾರನೆಯ ಬೆಳಿಗ್ಗೆ ಅದಕ್ಕೆ ತಗಡು ಬಡಿದಾಗಿತ್ತು. ಸೈಲೋಸಿ ಮುಂದಿನ ಹಂಗಾಮಿಗೆ ಮತ್ತೆ ಹೊರಡುವವನು. ಹೀಗೇ ಹೊರಟುಹೋದರೆ ಆ ತಗಡನ್ನು ಇನ್ನು ಯಾರು ಕೀಳುತ್ತಾರೆ? ಕ್ರಿತೇಶ್ ಮಾತ್ರ ಗೋಡೆಗೆ ಕೇಳುವಂತೆ ಕಂಪನಿಗೆ ಬೈದ, ಅಂಗಡಿಗೆ ಬೈದ, ಆಸ್ಟ್ರೇಲಿಯಾಕ್ಕೇ ಬೈದ. ಆದರೆ ಆಟ ಆಡಲಿಲ್ಲ, ನಾನು ಬಡಿಸಿದ್ದನ್ನು ಅರ್ಧ ಬಿಟ್ಟು ಎದ್ದ. ಅಷ್ಟರಮಟ್ಟಿಗೆ ಮನುಷ್ಯ.

ಕೊನೆಗೆ ನನ್ನ ಗಂಡ ಮುನೇಶ್ ಅಂದರು, "ಸೋರೊ ಕೊಡು, ಯಂಗೋನಾ ಇಟ್ಟು ತಪ್ಪಾಯ್ತು ಅನ್ನು. ನಮ್ಮ ಹಸು ಅವರ ಗೆಡ್ಡೆ ತಿಂದಾಗ ಅಪ್ಪ ಕೊಟ್ಟಿರಲಿಲ್ವಾ?"

"ಹಸು ತಿಂದಿತ್ತು, ಕೊಟ್ಟರು. ನಾನೇನು ತಿಂದೆ?"

"ಹಸುಗೆ ಮಾತು ಬರ್ತಿರಲಿಲ್ಲ, ಅದಕ್ಕೆ ಅಪ್ಪ ಹೇಳಿದ್ರು. ನಿನಗೆ ಬರುತ್ತಲ್ಲ, ಬೇಕಾದಷ್ಟು."

ಮೈದುನ ಮಾರುಕಟ್ಟೆಗೆ ಹೋಗಿ ಯಂಗೋನಾ ಪುಡಿಯ ಪ್ಯಾಕೆಟ್ ತಂದ. ಪುಡಿ ಹಿಡಿದುಕೊಂಡು ಕ್ಷಮೆ ಕೇಳಲು ಹೋಗುತ್ತಾರಾ! ನಾನು ಅದನ್ನು ಅವನ ಕೈಯಿಂದ ಕಿತ್ತುಕೊಂಡು, ಇಡೀ ಬೇರಿನ ಕಟ್ಟು ತಾ ಎಂದು ವಾಪಸು ಅಟ್ಟಿದೆ.

ಶನಿವಾರ ಮಧ್ಯಾಹ್ನ ಮೂವರೂ ಹೋದೆವು. ಅಪೆನಿಸಾ ತಾತ ಸುಲು ಪಂಚೆ ಸುತ್ತಿಕೊಂಡು ಚಾಪೆಯ ತಲೆಗೆ ಕೂತಿದ್ದರು. ಪಕ್ಕದಲ್ಲಿ ಸೈಲೋಸಿ, ಹಿಂದೆ ಮಕ್ಕಳು. ಕ್ರಿತೇಶ್ ತಲೆ ತಗ್ಗಿಸಿ ಕೂತು ಬೇರಿನ ಕಟ್ಟನ್ನು ತಾತನ ಮುಂದಿಟ್ಟ. ಸೋರೊದಲ್ಲಿ ಮಾಡಿದ ತಪ್ಪನ್ನು ಸ್ವಂತ ಬಾಯಿಂದ ಹೇಳಬೇಕು. ಹಿರಿಯರು ಬೇರು ಮುಟ್ಟಿದರೆ ಮುಗಿಯಿತು. ಮುಟ್ಟದಿದ್ದರೆ ಎತ್ತಿಕೊಂಡು ಮನೆಗೆ ಬರಬೇಕು.

"ಈ ಕಂಪನಿಯವರು ಇಂಥ ಮೋಸ ಮಾಡ್ತಾರೆ ಅಂತ..." ಎಂದು ಶುರುಮಾಡಿದ.

ತಾತ ಕೈ ಅಲ್ಲಾಡಿಸಲಿಲ್ಲ.

"ಅಂಗಡಿಯವರಾದ್ರೂ ಸರಿಯಾಗಿ..."

ತಾತ ಕಿಟಕಿಯ ಕಡೆ ನೋಡಿದರು. ಹೊರಗೆ ಯಾರದೋ ಕೋಳಿ ಕೂಗುತ್ತಿತ್ತು. ನನಗೆ ಹಿಂದಿನಿಂದ ಅವನ ತಲೆಗೆ ಕುಟ್ಟುವಷ್ಟು ಸಿಟ್ಟು ಬಂತು. ಅವನ ಕಿವಿ ಮಾತ್ರ ಕೆಂಪಾಗುತ್ತಾ ಹೋಯಿತು.

"ನನಗೆ ಗೊತ್ತಿರಲಿಲ್ಲ" ಎಂದ ಕೊನೆಗೆ. "ಇಂಥದ್ದೊಂದು ಇದೆ ಅಂತಲೇ ಗೊತ್ತಿರಲಿಲ್ಲ. ಗೊತ್ತಿಲ್ಲದೆ ಹೇಳಿದೆ. ಆಮೇಲೆ ತಪ್ಪನ್ನ ಸೈಲೋಸಿ ಮೇಲೇ ಹಾಕಿದೆ. ಅದು ತಪ್ಪು."

ತಾತ ಮಗನ ಮುಖ ನೋಡಿದರು. ಸೈಲೋಸಿಗೆ ಇನ್ನೂ ಒಂದು ಮಾತು ಬಾಕಿ ಇತ್ತು.

"ಅಮೆರಿಕದ್ದು ತಗೊಳ್ಳೋಕೆ ಬಿಡಲಿಲ್ಲ ನೀನು. ತಗೊಂಡಿದ್ರೆ ಮಕ್ಕಳು ಅವತ್ತೇ ಆಡ್ತಿದ್ರು. ಶಾಲೆ ದಿನದಿಂದ ಅದನ್ನ ಬೈತಾನೇ ಇದ್ದೀಯ. ಅದು ಅಷ್ಟು ಕೆಟ್ಟದಾ? ಆಡಿದ್ದೀಯಲ್ಲ, ನೀನೇ ಹೇಳು."

ಕ್ರಿತೇಶ್ ತಲೆ ಎತ್ತಲಿಲ್ಲ.

"ಆಡಿಲ್ಲ."

"ಏನಂದೆ?"

"ಒಂದು ಸಲಾನೂ ಆಡಿಲ್ಲ. ಶಾಲೇಲಿ ಆ ಅಂಗಡಿ ಸಾಹುಕಾರನ ಮಗನ ಹತ್ರ ಇತ್ತಲ್ಲ. ಎಲ್ಲರೂ ಅವನ ಮನೆಗೆ ಹೋಗ್ತಿದ್ರಿ. ನೀನೂ ಹೋಗ್ತಿದ್ದೆ. ನನ್ನನ್ನ ಮಾತ್ರ ಬಾಗಿಲ ಹತ್ರ ನಿಲ್ಲಿಸೋನು. ಕೈಗೆ ಕೊಡಲಿಲ್ಲ. ಯಾರೂ ಕೊಡಲಿಲ್ಲ."

ಅಷ್ಟು ವರ್ಷ ಅಷ್ಟು ಜನರನ್ನು ಪೆದ್ದರೆಂದದ್ದು, ಬಾ ಊರಿನ ಆ ನಗುಮುಖದ ಹುಡುಗಿಯನ್ನು ಕಳೆದುಕೊಂಡದ್ದು, ಎಲ್ಲ ಮುಟ್ಟಿಯೂ ನೋಡದ ಒಂದು ಡಬ್ಬಿಯ ಮೇಲಿನ ಹಗೆಗೆ! ನನಗೆ ಮೊದಲು ಮೈ ಉರಿಯಿತು. ಆಮೇಲೆ ಆ ಬಾಗಿಲಲ್ಲಿ ನಿಂತ ಹುಡುಗ ಕಣ್ಣ ಮುಂದೆ ಬಂದ. ಸೈಲೋಸಿ ಚಾಪೆಯ ಅಂಚಿನ ನೂಲು ಕೀಳುತ್ತಿದ್ದ. ತಾತ ಮುಂದೆ ಬಾಗಿ ಎರಡೂ ಕೈಯಿಂದ ಬೇರು ಮುಟ್ಟಿ, ಅಂಗೈ ಬಟ್ಟಲಾಗಿಸಿ ಚಪ್ಪಾಳೆ ತಟ್ಟಿದರು. ನಾವೂ ತಟ್ಟಿದೆವು.

"ಗೌಂಡರನಿಗೆ ತುಂಬಿಸಿ ಕೊಡು, ಅಪ್ಪಾ. ಅರ್ಧ ಬಟ್ಟಲಿಗೆ ಈ ಬಾಯಿ ನಿಲ್ಲಲ್ಲ" ಎಂದ ಸೈಲೋಸಿ.

ಸಂಜೆಯೊಳಗೆ ಮೈದುನ ತನ್ನ ಹಳೆಯ ಡಬ್ಬಿಯನ್ನೂ ಕಪಾಟಿನ ಡಿಸ್ಕುಗಳನ್ನೂ ಹೊತ್ತುಕೊಂಡು ಹೋಗಿ ಆ ಮನೆಯಲ್ಲಿಟ್ಟು, ಬಾಯಿಲ್ಲದ್ದನ್ನು ತಂದುಕೊಂಡ. ಸೈಲೋಸಿ ಹೊರಡುವವರೆಗೆ ಅಪ್ಪ ಮಕ್ಕಳು ಮೂವರೂ ಕೂತು, ಒಂದೇ ಮುಖದ ಫಿಜಿ ತಂಡವನ್ನಿಟ್ಟುಕೊಂಡು ಕೂಗಾಡುತ್ತಾ ಆಡಿದರು. ತಗಡು ಕಿತ್ತವನೂ ಸೈಲೋಸಿಯೇ. ಆದರೆ ನನ್ನ ಮೈದುನ ಬದಲಾದ ಎಂದು ಯಾರಾದರೂ ತಿಳಿದರೆ ಅವರು ಪೆದ್ದರು. ಬೆಳಗಾದರೆ ಹೊಸ ಡಬ್ಬಿಗೆ ಬೈಗುಳ, ಸಂಜೆಯಾದರೆ ಅದು ಇಳಿಸುವ ಗೇಮಿಗೆ ಬೈಗುಳ, ನಡುವೆ ನನ್ನ ಸಾರಿಗೆ. ಡಬ್ಬಿಯ ಬೈಗುಳ ಮಾತ್ರ ನಾನು ಈಗ ಸುಮ್ಮನೆ ಕೂತು ಕೇಳುತ್ತೇನೆ, ಅದನ್ನಾದರೂ ಅವನು ಆಡಿ ನೋಡಿ ಬೈಯುತ್ತಿದ್ದಾನೆ.