ಅಪ್ಪನ ಮಣ್ಣಿನ ವಿಡಿಯೋ

ಯಾರನ್ನಾದರೂ ಹೂಳುವ ಕಾರ್ಯಕ್ಕೆ ನಮ್ಮ ಕಡೆ ಮಣ್ಣು ಎಂದೇ ಹೆಸರು. ಮದುವೆಗೆ ವಿಡಿಯೋದವರನ್ನು ಕರೆಸುವ ಹಾಗೆ ಮಣ್ಣಿಗೂ ಕರೆಸುತ್ತಾರೆ. ದೇಹವನ್ನು ಕುಳ್ಳಿರಿಸಿ, ಹಣೆ ತುಂಬ ವಿಭೂತಿ ಹಚ್ಚಿ, ಹೂವಿನಲ್ಲಿ ಸಿಂಗರಿಸುತ್ತಾರೆ. ಬರಲಾಗದ ಮಂದಿಗೆ ಅದನ್ನೆಲ್ಲ ತೋರಿಸಲು ವಿಡಿಯೋ ಬೇಕೇ ಬೇಕು. ದೇವದುರ್ಗದ ಒಂದು ಸ್ಟುಡಿಯೋದಲ್ಲಿ ನಾನು ಈ ಕೆಲಸ ಕಲಿತೆ. ಮಾಲೀಕರ ಪಾಠ ಒಂದೇ: ಬಂದವರ ಮುಖ ಒಂದೂ ತಪ್ಪಬಾರದು. ‘ಮಂದಿ ಸಿನಿಮಾ ನೋಡಂಗಿಲ್ಲವ್ವಾ, ತಮ್ಮ ಮಾರಿ ಹುಡುಕ್ತಾರ’ ಅನ್ನುತ್ತಿದ್ದರು.

ಹೆಣ್ಣುಮಗಳಾದ ನನ್ನನ್ನು ಅವರು ಸೇರಿಸಿಕೊಂಡದ್ದು ಉಪಕಾರಕ್ಕಲ್ಲ. ಮಾನ್ವಿಯ ಶಾದಿಗಳಲ್ಲಿ ಹೆಂಗಸರ ಕಡೆಗೆ ಗಂಡಸರು ಕ್ಯಾಮೆರಾ ಹಿಡಿದು ಕಾಲಿಡುವ ಹಾಗಿಲ್ಲ, ಅಲ್ಲಿಗೆ ನಾನು ಬೇಕಿತ್ತು. ನನ್ನ ಕೈಯಿಂದ ಬಂದ ಅತ್ಯುತ್ತಮ ಚಿತ್ರಗಳೆಲ್ಲ ಆ ಕೋಣೆಗಳವೇ. ಆದರೆ ಹೈದರಾಬಾದಿನ ಕಾಲೇಜೊಂದಕ್ಕೆ ಡಿಜಿಟಲ್ ಸಿನಿಮಾದ ಎಂ.ಎ.ಗೆ ಅರ್ಜಿ ಹಾಕುವಾಗ ಅವೊಂದೂ ಉಪಯೋಗಕ್ಕೆ ಬರಲಿಲ್ಲ. ಹೊರಗೆ ಯಾರಿಗೂ ತೋರಿಸುವುದಿಲ್ಲವೆಂದು ಆ ಮನೆಗಳ ಹೆಂಗಸರಿಗೆ ಮಾತು ಕೊಟ್ಟಿದ್ದೆ. ಅರ್ಜಿಯ ಜೊತೆ ಸ್ವಂತದ್ದೊಂದು ಕಿರುಚಿತ್ರ ಕಳಿಸಲೇಬೇಕಿತ್ತು. ಹೀಗಾಗಿ ಆ ಚಿತ್ರಕ್ಕೆ ಅಪ್ಪನನ್ನು ಹಿಡಿದುಕೊಂಡೆ.

ಅಪ್ಪ ದೇವದುರ್ಗದಿಂದ ಕಲ್ಮಲದ ಮೇಲೆ ರಾಯಚೂರಿಗೆ ಬಸ್ಸು ಓಡಿಸುತ್ತಿದ್ದ. ಬೇರೆ ಯಾರೂ ಸಿಗಲಿಲ್ಲವೇ ನಿನಗೆ ಎಂದು ಗೊಣಗುತ್ತಲೇ ಮತ್ತೆ ಮತ್ತೆ ಮೀಸೆ ಬಾಚಿಕೊಂಡ. ಫೋಟೋ ತೆಗೆಯುವುದಕ್ಕೂ ಎಂ.ಎ. ಬೇಕೇನು ಎಂದು ಬಳಗದವರು ನಕ್ಕಾಗ ಅವನೇ ಉತ್ತರ ಕೊಟ್ಟ: ‘ಗಾಡಿ ಹೊಡಿಯಾಕ ನನಗ ಲೈಸನ್ಸ್ ಬೇಕಾತು. ಆಕಿಗೂ ಒಂದು ಇರ್ಲಿ.’ ಖಾಕಿ ಅಂಗಿ ತೊಟ್ಟು ಕನ್ನಡಿ ಮುಂದೆ ನಿಂತ ಅಪ್ಪ ನನಗೆ ಸೀಟು ಕೊಡಿಸಿದ.

ಸ್ಟುಡಿಯೋ ಕಲಿಸಿದ್ದನ್ನೆಲ್ಲ ಕಾಲೇಜು ಮರೆಸಲು ನೋಡಿತು. ಪೂರ್ತಿ ಮುಖ ತೋರಿಸಬೇಡ, ಕೈ ಸಾಕು. ಎಲ್ಲರನ್ನೂ ತುಂಬಬೇಡ, ಒಬ್ಬರು ಸಾಕು. ಇಂಗ್ಲಿಷಿನ ಮುಂದೆ ನನ್ನ ಬಾಯಿ ಕಟ್ಟುತ್ತಿತ್ತು. ಎರಡು ವರ್ಷದಲ್ಲಿ ನಾನು ತರಗತಿಯಲ್ಲಿ ಆಡಿದ ಮಾತು ಒಂದು ಹಾಳೆಗೂ ಆಗಲಿಕ್ಕಿಲ್ಲ. ಕೈ ಮಾತ್ರ ಗಟ್ಟಿ ಇತ್ತು, ಅದನ್ನು ಎಲ್ಲರೂ ಒಪ್ಪುತ್ತಿದ್ದರು. ಪದವಿಗಾಗಿ ಮಾಡಬೇಕಾದ ಕೊನೆಯ ಚಿತ್ರಕ್ಕೆ ಅಪ್ಪನ ನೌಕರಿಯ ಕಡೆಯ ವರ್ಷವನ್ನೇ ಆರಿಸಿಕೊಂಡೆ. ರಜೆ ಸಿಕ್ಕಾಗೆಲ್ಲ ಬಂದು ಅವನ ಸೀಟಿನ ಹಿಂದೆ ಕುಳಿತು ಶೂಟ್ ಮಾಡುತ್ತಿದ್ದೆ.

ಚಿತ್ರ ಇನ್ನೂ ಅರ್ಧದಲ್ಲಿದ್ದಾಗ ಅವ್ವ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡಳು. ರಾಯಚೂರಿನ ಆಸ್ಪತ್ರೆಯಲ್ಲಿ ಆಪರೇಶನ್ ಆಯಿತು. ಅಪ್ಪ ಡ್ಯೂಟಿ ಮುಗಿಸಿ ಅವಳ ಹತ್ತಿರ ಬಂದು ಕೂರುತ್ತಿದ್ದ. ಅವ್ವ ಇನ್ನೂ ಹಾಸಿಗೆಯಲ್ಲಿರುವಾಗಲೇ ಒಂದು ಬೆಳಗ್ಗೆ ದೇವದುರ್ಗದ ಮನೆಯಲ್ಲಿ ಡ್ಯೂಟಿಗೆ ತಯಾರಾಗುತ್ತಿದ್ದ ಅಪ್ಪ ಎದೆ ಹಿಡಿದುಕೊಂಡು ಕುಸಿದ. ಎದ್ದೇಳಲಿಲ್ಲ.

ಸುದ್ದಿ ತಿಳಿದು ಹೈದರಾಬಾದಿನಿಂದ ಬಂದವಳು ರಾಯಚೂರು ಸ್ಟೇಷನ್ನಿನಲ್ಲಿ ಇಳಿದು ಮೊದಲು ಅವ್ವನ ಹತ್ತಿರ ಹೋದೆ. ಮಗ್ಗುಲು ಬದಲಿಸಲೂ ಆಗದ ಅವಳನ್ನು ಕಳಿಸಲು ಡಾಕ್ಟರು ಸುತರಾಂ ಒಪ್ಪಲಿಲ್ಲ. ಬೇಸಿಗೆ ಬಿಸಿಲಲ್ಲಿ ಮಣ್ಣು ಮಾಡುವುದನ್ನು ಮುಂದೂಡುವ ಹಾಗೂ ಇರಲಿಲ್ಲ. ಅವ್ವ ನನ್ನ ಚೀಲದ ಕಡೆ ನೋಡಿದಳು. ‘ಕ್ಯಾಮೆರಾ ತಂದಿಯಿಲ್ಲ? ನಾನೂ ಅಲ್ಲೇ ಕುಂತೀನಿ ಅನ್ನಂಗ ತಗೊಂಡು ಬಾ. ಏನೂ ಬಿಡಬ್ಯಾಡ.’

ಅವತ್ತು ಕಾಲೇಜಿನ ಪಾಠ ಕಟ್ಟಿಟ್ಟು ಸ್ಟುಡಿಯೋದ ರೀತಿಯಲ್ಲೇ ತೆಗೆದೆ. ಮೊದಲು ಅಪ್ಪನ ಮುಖವನ್ನು ಅವ್ವ ಕಣ್ತುಂಬ ನೋಡುವಷ್ಟು ಹೊತ್ತು ಹಿಡಿದೆ. ಆಮೇಲೆ ಭಜನೆಯವರು, ಕೇರಿಯ ಹೆಂಗಸರು, ಟ್ರಿಪ್ಪಿನ ನಡುವೆ ಖಾಕಿಯಲ್ಲೇ ಓಡಿಬಂದ ಡ್ರೈವರುಗಳು. ನಾನು ಒಬ್ಬಳೇ ಮಗಳಾದ್ದರಿಂದ ದೊಡ್ಡಪ್ಪನ ಮಗ ಕಾರ್ಯ ನಡೆಸಿದ. ಅಪ್ಪನನ್ನು ಕುಣಿಯಲ್ಲಿ ಇಳಿಸಿದ ಮೇಲೆ ಒಬ್ಬೊಬ್ಬರೇ ಬಂದು ಹಿಡಿ ಮಣ್ಣು ಹಾಕಿದರು. ಆ ಅಣ್ಣ ನನ್ನನ್ನೂ ಕರೆದ. ಸಾಲಿನಲ್ಲಿ ಇನ್ನೂ ಮಂದಿ ಇದ್ದರು, ಅವರ ಮುಖ ತಪ್ಪಬಾರದೆಂದು ತಡಿ ಎಂದು ಸನ್ನೆ ಮಾಡಿದೆ. ಸಾಲು ಮುಗಿಯುತ್ತಲೇ ಸಲಿಕೆಯವರು ಕುಣಿ ಮುಚ್ಚಿದರು. ಅದನ್ನೂ ತೆಗೆದೆ.

ಅವ್ವನ ಹಾಸಿಗೆಯ ಪಕ್ಕ ಲ್ಯಾಪ್‌ಟಾಪ್ ಇಟ್ಟು ತೋರಿಸಿದೆ. ಅವಳು ಬಂದವರೊಬ್ಬೊಬ್ಬರ ಹೆಸರು ಹೇಳುತ್ತ ಸಮಾಧಾನದಿಂದಲೇ ನೋಡಿದಳು. ಮುಗಿದ ಮೇಲೆ ಮಣ್ಣು ಹಾಕುವುದನ್ನು ಮತ್ತೊಮ್ಮೆ ತೋರಿಸಲು ಹೇಳಿದಳು. ಆಮೇಲೆ ಇನ್ನೊಮ್ಮೆ.

‘ನೀ ಎಲ್ಲದಿ?’

ಕ್ಯಾಮೆರಾ ನನ್ನ ಕೈಯಲ್ಲಿತ್ತಲ್ಲ ಎಂದೆ.

‘ಅದು ಗೊತ್ತದ. ಮಣ್ಣು ಯಾವಾಗ ಕೊಟ್ಟಿ?’

ನಾನು ಲ್ಯಾಪ್‌ಟಾಪ್ ಮುಚ್ಚಿದೆ. ಅವ್ವ ಗೋಡೆಯ ಕಡೆ ಮುಖ ಮಾಡಿ, ‘ಊರ ಮಂದಿ ಎಲ್ಲಾ ಕೊಟ್ರು. ಮನ್ಯಾಗಿನವ್ರು ಇಬ್ರೂ ಕೊಡ್ಲಿಲ್ಲ’ ಎಂದಳು. ಸಿಟ್ಟಿನಿಂದಲ್ಲ. ಸಿಟ್ಟಾಗಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಕಾಲೇಜಿನ ಗೈಡಿಗೆ ಆ ವಿಡಿಯೋ ತೋರಿಸಿದಾಗ ನಿನ್ನ ಚಿತ್ರ ಮುಗಿಯಬೇಕಾದದ್ದು ಇಲ್ಲಿಯೇ ಎಂದರು. ಅವ್ವ ಬೇಡ ಅನ್ನಲಿ ಎಂದು ಹಾರೈಸುತ್ತಲೇ ಅವಳನ್ನು ಕೇಳಿದೆ. ಹಾಕು, ನಿಮ್ಮಪ್ಪನ ಸಲುವಾಗಿಯಾದರೂ ಓದು ಮುಗಿಸು ಎಂದಳು. ಮುಗಿಸಿದೆ. ಚಿತ್ರ ನೋಡಲು ಹೊರಗಿನಿಂದ ಬಂದಿದ್ದ ಪರೀಕ್ಷಕರೊಬ್ಬರು ಎಲ್ಲರೆದುರು ಹೊಗಳಿದರು: ಸ್ವಂತ ತಂದೆಯ ಕುಣಿಯ ಅಂಚಿನಲ್ಲಿ ನಿಂತರೂ ಕ್ಯಾಮೆರಾ ಒಂದು ಸಲವೂ ನಡುಗಿಲ್ಲ, ಎಂಥ ಸಂಯಮ ಎಂದರು. ಚಪ್ಪಾಳೆಯಾಯಿತು. ಆ ಮನುಷ್ಯನ ಮೇಲೆ ನನಗೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ. ಅವರ ತಪ್ಪೇನೂ ಇಲ್ಲ, ಗೊತ್ತು. ಫಸ್ಟ್ ಕ್ಲಾಸ್ ಬಂತು.

ಊರಿಗೆ ಬಂದ ಮೇಲೆ ವಾಕರ್ ಹಿಡಿದು ನಡೆಯುತ್ತಿದ್ದ ಅವ್ವನನ್ನು ಆಟೋದಲ್ಲಿ ರುದ್ರಭೂಮಿಗೆ ಕರೆದುಕೊಂಡು ಹೋದೆ. ಕ್ಯಾಮೆರಾ ಮನೆಯಲ್ಲೇ ಬಿಟ್ಟಿದ್ದೆ. ನಮಗೆ ತೊಂದರೆಯಾಗಬಾರದೆಂದು ಅಣ್ಣ ತಾನೇ ಮುಂದೆ ನಿಂತು ಸಮಾಧಿಗೆ ಸಿಮೆಂಟಿನ ಕಟ್ಟೆ ಕಟ್ಟಿಸಿಬಿಟ್ಟಿದ್ದ. ನುಣ್ಣಗೆ, ಅಚ್ಚುಕಟ್ಟಾಗಿ, ಎಲ್ಲೂ ಸಂದಿಯಿಲ್ಲದೆ.

ಅವ್ವ ವಾಕರನ್ನು ಅದರ ಅಂಚಿನವರೆಗೆ ತಂದು ನಿಂತಳು. ‘ಆತು. ಹಾಕು’ ಎಂದಳು. ಬದಿಯ ಗಟ್ಟಿ ನೆಲವನ್ನು ಕಲ್ಲಿನಿಂದ ಕೆದರಿ ಒಂದು ಹಿಡಿ ಮಣ್ಣು ಕಟ್ಟೆಯ ಮೇಲೆ ಹಾಕಿದೆ. ಅವಳಿಗೆ ಬಗ್ಗಲು ಬರುತ್ತಿರಲಿಲ್ಲ. ‘ನಂದೂ ನೀನ ಹಾಕು’ ಎಂದಳು. ಇನ್ನೊಂದು ಹಿಡಿ ಕೆದರಿ ಹಾಕಿದೆ. ಎರಡೂ ಹಿಡಿ ಮಣ್ಣು ಸಿಮೆಂಟಿನ ಮೇಲೆಯೇ ಉಳಿಯಿತು, ಅಪ್ಪನವರೆಗೆ ಇಳಿಯಲಿಲ್ಲ.